ಅಲುಗಾಡ್ರಿ, ಇದು ಫೋಟೋ ಅಲ್ಲ

ಅಳಬೇಕೆಂದು ಬಾಗಿಲು ಅರ್ಧ ಎಳೆದುಕೊಂಡ ದಿನವೇ ಯಾರಾದರೂ ಬಂದು ನಗಿಸಿ ಹೋಗುವುದು ನಮ್ಮ ಅಂಗಡಿಯ ರೂಢಿ. ಬೈಲಹೊಂಗಲದ ಸಣ್ಣ ವಿಡಿಯೋ ಅಂಗಡಿ. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವುದು ಈಗ ನನ್ನ ಉದ್ಯೋಗ.

ಆ ಕ್ಯಾಸೆಟ್ಟುಗಳನ್ನು ತೆಗೆದವರು ನಮ್ಮವರು. ಕಿತ್ತೂರಿರಲಿ, ಸವದತ್ತಿಯಿರಲಿ, ಮದುವೆ ಎಂದರೆ ಹೆಗಲ ಮೇಲೆ ಕ್ಯಾಮೆರಾ. ಹೋದ ವರ್ಷ ತೀರಿಕೊಂಡರು. ಇಷ್ಟು ಮಂದಿಯನ್ನು ವಿಡಿಯೋದಲ್ಲಿ ಹಿಡಿದವರ ಒಂದೇ ಒಂದು ವಿಡಿಯೋ ನಮ್ಮ ಮನೆಯಲ್ಲಿಲ್ಲ. ನಮ್ಮ ಮದುವೆಯಲ್ಲಿ ಕ್ಯಾಮೆರಾ ಹಿಡಿಯಬೇಕಾದವರೇ ಬಾಸಿಂಗ ಕಟ್ಟಿಕೊಂಡು ಕೂತಿದ್ದರಿಂದ ಬರೀ ಫೋಟೋ ಆಯಿತು.

ನಮ್ಮ ಅತ್ತೆಗೆ ಮಗ ಅಲುಗಾಡುವುದನ್ನು ಒಮ್ಮೆ ನೋಡಬೇಕು. "ಗ್ವಾಡಿ ಮ್ಯಾಲಿನ ಫೋಟೋ ನೋಡಿ ಸಾಕಾಗೇತಿ. ಯಾರದರ ಮದುವ್ಯಾಗ ಸಿಕ್ಕೇ ಸಿಗತಾನ" ಎಂದು ದಿನಾ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಮಂದಿಯ ಮದುವೆಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ.

ಡಬ್ಬಿ

ಸವದತ್ತಿಯ ಬಟ್ಟೆ ವ್ಯಾಪಾರಿಯೊಬ್ಬರು ಬಂದರು. ತಮ್ಮ ಮದುವೆ ಕ್ಯಾಸೆಟ್ಟಿನಿಂದ ಬೇರೆ ಎಲ್ಲೋ ಮಾಡಿಸಿದ ವಿಡಿಯೋ ಅವರ ಟಿವಿಯಲ್ಲಿ ಓಡುವುದಿಲ್ಲವಂತೆ. ಫೈಲಿನ ಹೆಸರಿನ ತುದಿಗೆ ಎಂಪಿ4 ಎಂದು ತಾವೇ ತಿದ್ದಿ ನೋಡಿದರಂತೆ, ಆದರೂ ಇಲ್ಲ. ಎಂಪಿ4 ಅನ್ನುವುದು ಬರೀ ಡಬ್ಬಿ, ಒಳಗೆ ಚಿತ್ರವನ್ನು ಹೇಗೆ ಮಡಚಿಟ್ಟಿದ್ದಾರೆ ಅನ್ನುವುದು ಮುಖ್ಯ ಎಂದು ಹೇಳಿದೆ. ಎಚ್.264 ಒಂದು ಮಡಿಕೆ, ಎಚ್.265 ಇನ್ನೂ ಸಣ್ಣ ಮಡಿಕೆ. ಈ ಹೊಸ ಮಡಿಕೆಯನ್ನು ಬಿಚ್ಚಲು ಹಳೆಯ ಟಿವಿಗೆ ಬರುವುದಿಲ್ಲ.

"ಡಬ್ಬಿ ಮ್ಯಾಲೆ ಸಕ್ಕರಿ ಅಂತ ಬರದಾನ, ಒಳಗ ಉಪ್ಪೈತಿ" ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.

ಒಂದೋ ಟಿವಿ ಬದಲಿಸಿ, ಇಲ್ಲವೇ ವಿಡಿಯೋವನ್ನು ಹಳೆಯ ಮಡಿಕೆಗೆ ತರೋಣ ಎಂದೆ. ಅವರು ದನಿ ತಗ್ಗಿಸಿದರು. "ವಿಡಿಯೋನ ಬದಲು ಮಾಡ್ರಿ ಅಕ್ಕಾರ. ಟಿವಿ ಹೆಂಡ್ತಿ ತವರಮನಿದು. ಅದಕ್ಕ ತಿಳಿಯಂಗಿಲ್ಲ ಅಂತ ನಾ ಹೆಂಗ ಹೇಳ್ಲಿ?"

ಅವರ ಮದುವೆಯಲ್ಲಿ ಅತ್ತೆಗೆ ಮಗ ಸಿಗಲಿಲ್ಲ.

ಬೋರಮಾಳ

ಸಂಪಗಾಂವದ ಹೆಣ್ಣುಮಗಳೊಬ್ಬಳ ಕೊರಳಿನ ಬೋರಮಾಳವೇ ಕಳೆದುಹೋಗಿತ್ತು. ಕಪಾಟಿನಿಂದಲ್ಲ, ವಿಡಿಯೋದಿಂದ. ನಾನು ಇಳಿಸಿಕೊಟ್ಟಿದ್ದನ್ನು ಅವಳ ಅಣ್ಣ ವಾಟ್ಸಾಪಿನಲ್ಲಿ ಅತ್ತಿಗೆಗೆ ಕಳಿಸಿ, ಅತ್ತಿಗೆ ಅದನ್ನು ಫೇಸ್‌ಬುಕ್ಕಿಗೆ ಹಾಕಿ, ಅಲ್ಲಿಂದ ಯಾರೋ ಇಳಿಸಿಕೊಂಡು, ಕೊನೆಗೆ ನಾದಿನಿಯ ಫೋನಿಗೆ ಮುಟ್ಟಿತ್ತು. ಚಿನ್ನದ ಗುಂಡುಗಳೆಲ್ಲ ಕರಗಿ ಕೊರಳಿಗೆ ಅರಿಸಿನ ಬಳಿದಂತೆ ಕಾಣುತ್ತಿತ್ತು. ನಿನ್ನ ತವರಿನವರು ಏನು ಹಾಕಿದ್ದರು ತೋರಿಸು ಎಂದು ನಾದಿನಿ ಕೇಳಿದ್ದಳು.

ಕೈ ಬದಲಾದಾಗಲೆಲ್ಲ ವಾಟ್ಸಾಪು, ಫೇಸ್‌ಬುಕ್ಕಿನವರು ವಿಡಿಯೋವನ್ನು ಮತ್ತೆ ಒತ್ತಿ ಸಣ್ಣದು ಮಾಡುತ್ತಾರೆ, ಕಣ್ಣಿಗೆ ಅಷ್ಟಾಗಿ ಬೀಳದ ಸಣ್ಣಪುಟ್ಟದ್ದನ್ನು ಬಿಟ್ಟುಬಿಡುತ್ತಾರೆ ಎಂದು ತಿಳಿಸಿದೆ.

"ಎಂಥಾ ಕಣ್ಣಿಗೆ ಬೀಳಂಗಿಲ್ರಿ?" ಎಂದಳು. "ನಮ್ಮ ನಾದಿನಿ ಕಣ್ಣು ನೀವು ನೋಡಿಲ್ಲ."

ಮೂಲ ಕ್ಯಾಸೆಟ್ ಹಾಕಿದೆ. ಗುಂಡುಗುಂಡೂ ಕಂಡಿತು, ಅವಳು ಕಣ್ಣೊರೆಸಿಕೊಂಡಳು. ಅತ್ತೆ ನೋಡುತ್ತಿದ್ದುದು ಮದುಮಗಳ ಹಿಂದಿದ್ದ ಕನ್ನಡಿಯನ್ನು. ಕ್ಯಾಮೆರಾ ಹಿಡಿದವನು ಅದರಲ್ಲಿ ಕಾಣಬೇಕಿತ್ತು. ಬರೀ ಲೈಟಿನ ಪ್ರಖರ ಬೆಳಕು ಕಂಡಿತು.

"ಲೈಟ್ ಹಿಡದಾಂವಗ ಬುದ್ಧಿ ಇರಬೇಕಿತ್ತು" ಎಂದು ಗುರುತಿಲ್ಲದ ಆ ಮನುಷ್ಯನನ್ನು ಸಂಜೆವರೆಗೆ ಬೈದರು.

ಒದರುವವ

ಸಿರಸಂಗಿಯವರೊಬ್ಬರ ದೂರು ಬೇರೆ. ವಿಡಿಯೋ ನಡುವೆ ನಿಂತುಬಿಡುತ್ತದಂತೆ. ಹಾಕಿ ನೋಡಿದರೆ ನಿಂತದ್ದು ವಿಡಿಯೋ ಅಲ್ಲ, ಅವರ ಮನೆತನ. ಕ್ಯಾಮೆರಾ ತಿರುಗಿದ ಕೂಡಲೇ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಫೋಟೋಕ್ಕೆ ನಿಂತಂತೆ ಬಿಗಿದುಕೊಂಡಿದ್ದರು. ಕಂಪ್ಯೂಟರಿಗೆ ಇಂಥವರೆಂದರೆ ಪ್ರೀತಿ. ಅಲುಗಾಡದ್ದನ್ನು ಅದು ಹೊಸದಾಗಿ ಬರೆಯುವುದಿಲ್ಲ, ಹಿಂದಿನ ಚಿತ್ರದಲ್ಲಿದ್ದುದನ್ನೇ ಎತ್ತಿಕೊಳ್ಳುತ್ತದೆ. ಅಷ್ಟು ದೊಡ್ಡ ಮನೆತನ ಎಷ್ಟು ಸಣ್ಣ ಫೈಲಿನಲ್ಲಿ ಹಿಡಿಸಿತೆಂದರೆ ನನಗೇ ಆಶ್ಚರ್ಯ.

ಆಗ ಕ್ಯಾಮೆರಾದ ಹಿಂದಿನಿಂದ ದನಿ ಬಂತು: "ಅಲುಗಾಡ್ರಿ, ಇದು ಫೋಟೋ ಅಲ್ಲ. ಅಜ್ಜಾರ, ಉಸರಾರ ಬಿಡ್ರಿ."

ಅತ್ತೆಯ ಕೈ ನನ್ನ ಮೊಣಕೈ ಹಿಡಿಯಿತು.

"ನಡುನಡುವ ಯಾರೋ ಒದರತಾನ್ರಿ. ಅದನ್ನ ತಗದಬಿಡ್ರಿ" ಎಂದರು ಗಿರಾಕಿ.

ಅವರ ಪ್ರತಿಯಿಂದ ತೆಗೆದೆ, ನಮಗೆ ಇಟ್ಟುಕೊಂಡೆ. ಅವರು ಹೋದ ಮೇಲೆ ಅತ್ತೆ ಸ್ಪೀಕರಿಗೆ ಕಿವಿ ಹಚ್ಚಿ ಮತ್ತೆ ಮತ್ತೆ ಕೇಳಿದರು. ಕೊನೆಗೆ ಹೇಳಿದ್ದಿಷ್ಟು: "ಅವತ್ತ ಅಂವಗ ನೆಗಡಿ ಆಗಿತ್ತು. ಹೇಳಿದ್ನಿ, ತಲಿಗಿ ಏನರ ಕಟ್ಟಿಕೊಂಡು ಹೋಗು ಅಂತ."

ಕಡೇ ಪಂಗ್ತಿ

ಮದುವೆಮನೆಯಲ್ಲಿ ವಿಡಿಯೋದವನ ಊಟ ಎಲ್ಲರದೂ ಆದ ಮೇಲೆ. ಎಷ್ಟೋ ಸಲ ಅದೂ ಇಲ್ಲ. ಹಸಿದು ಮನೆಗೆ ಬಂದ ಮಗನಿಗೆ, ಮಂದಿ ಮದುವೆಯಲ್ಲಿ ನಿನಗೇನು ಉಪವಾಸ ಎಂದು ಅತ್ತೆ ಬೈಯುತ್ತಲೇ ರೊಟ್ಟಿ ಬಡಿಯುತ್ತಿದ್ದರು.

ರಾಮದುರ್ಗದ ಕ್ಯಾಸೆಟ್ಟೊಂದರ ತುದಿಯಲ್ಲಿ ಚಿತ್ರ ಒಮ್ಮೆ ಓಲಾಡಿತು. ಯಾರೋ ಇವರ ಕೈಯಿಂದ ಕ್ಯಾಮೆರಾ ಇಸಿದುಕೊಂಡಿದ್ದರು. ಪಂಗ್ತಿ ಕಂಡಿತು. ಅದರಲ್ಲಿ ನಮ್ಮವರು, ಮುಂದೆ ಎಲೆ, ಕೈಯಲ್ಲಿ ಹೋಳಿಗೆ. ಊರಿಗೆಲ್ಲ ಅಲುಗಾಡ್ರಿ ಎಂದು ಒದರಿದ ಮನುಷ್ಯ, ಹೋಳಿಗೆಯ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಕಲ್ಲಿನಂತೆ ಕೂತುಬಿಟ್ಟಿದ್ದರು.

ಅತ್ತೆ ಮುಖ ಮುಂದೆ ತಂದರು. "ಫೋಟೋ ಯಾಕ ಹಾಕೀದಿ? ವಿಡಿಯೋ ಹಾಕ ಯವ್ವಾ."

"ಇದು ವಿಡಿಯೋನ ಅತ್ತಿ. ನೋಡ್ರಿ, ಬಡಸಾಂವ ಅಡ್ಡಾಡಾಕ ಹತ್ಯಾನ."

ಬಡಿಸುವವನು ಹೋದ, ಎಲೆಯ ಅಂಚು ಗಾಳಿಗೆ ಎದ್ದಿತು. ಇವರು ಮಾತ್ರ ಮಿಸುಕಲಿಲ್ಲ. ಅಲುಗಾಡದ ಗೋಡೆಯನ್ನು ಹಿಂದಿನ ಚಿತ್ರದಿಂದ ಎತ್ತಿಕೊಂಡಂತೆ ಕಂಪ್ಯೂಟರ್ ಇವರನ್ನೂ ಎತ್ತಿಕೊಂಡಿರಬೇಕು. ಅಷ್ಟರಲ್ಲಿ ಕ್ಯಾಮೆರಾ ಹಿಡಿದವನು ಅವರದೇ ದನಿ ಅಣಕಿಸಿ, ಅಲುಗಾಡ್ರಿ, ಇದು ಫೋಟೋ ಅಲ್ಲ ಎಂದ. ಪಂಗ್ತಿಯೆಲ್ಲ ನಕ್ಕಿತು.

ನಮ್ಮವರ ತುಟಿ ಅಲುಗಿತು. "ಮದ್ಲ ಬಂದ್ ಮಾಡಪಾ. ಹೊಟ್ಟಿ ಹಸದೈತಿ."

ನನಗೆ ನಗು ಬಂತು, ಅದರ ಬೆನ್ನಿಗೇ ಇನ್ನೊಂದೂ ಬಂತು. ಅತ್ತೆ ಇಷ್ಟು ದಿನ ಕಾದದ್ದು ಇದಕ್ಕೇ. ಮತ್ತೊಮ್ಮೆ ಹಾಕು ಅನ್ನುತ್ತಾರೆಂದು ಮೌಸಿನ ಮೇಲೆ ಕೈಯಿಟ್ಟೆ.

"ಬಂದ್ ಮಾಡು" ಎಂದರು ಅತ್ತೆ. "ಇದು ನಡದಿರೂತನಕ ಅಂವ ಉಣ್ಣಂಗಿಲ್ಲ."