ಕಾಕಾನ ಐದು ಮೂಲೆಯ ಚೌಕ

ಸಪಾಟಾಗಿರುವ ಯಾವ ವಸ್ತುವೂ ನಮ್ಮ ಕಾಕಾನ ಕಣ್ಣಿಗೆ ಬೀಳಬಾರದು. ಬಿದ್ದರೆ ಅದರ ಕಥೆ ಮುಗಿಯಿತೆಂದೇ ತಿಳಿಯಿರಿ. ಮೊದಲು ಅಂಗೈಯಿಂದ ಸವರುತ್ತಾನೆ, ಆಮೇಲೆ ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾನೆ, ಕೊನೆಗೆ "ಇದರ ಮ್ಯಾಲ ಅರಿವಿ ಕತ್ತರಿಸಿದ್ರ ಹೆಂಗ?" ಎನ್ನುತ್ತಾನೆ. ಹಾನಗಲ್ಲಿನ ನಮ್ಮ ಮನೆಗೆ ಅವನು ಬರುವ ಸುದ್ದಿ ತಿಳಿದರೆ ಸಾಕು, ನಾನು ಊಟದ ಮೇಜಿನ ತುಂಬ ಪಾತ್ರೆ ಹರಡಿ ಇಟ್ಟುಬಿಡುತ್ತಿದ್ದೆ. ಖಾಲಿ ಮೇಜು ಕಂಡರೆ ಪಾಪ, ಅವನಿಗೆ ಆಸೆ ತಡೆಯುವುದಿಲ್ಲ.

ಹಾಗಂತ ಕಾಕಾ ದರ್ಜಿಯಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು ಎಂದು ಆಯುಷ್ಯವೆಲ್ಲ ಬಸ್ಸು ಓಡಿಸಿದವನು. ನಿವೃತ್ತನಾಗಿ ಹಿರೇಬೆಂಡಿಗೇರಿಯ ಮನೆಯಲ್ಲಿ ಕುಳಿತ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಊಟಕ್ಕೆ ಕೂತಾಗ ಬಲಗೈ ರೊಟ್ಟಿ ಮುರಿಯುತ್ತಿದ್ದರೆ ಎಡಗೈ ಬಸ್ಸಿನ ಗೇರು ಹುಡುಕುತ್ತಿತ್ತು. ಇಂಥವನು ಕೌದಿಯ ಹುಚ್ಚಿಗೆ ಬಿದ್ದದ್ದು ಹೇಗೆ?

ಎಲ್ಲದಕ್ಕೂ ಕಾರಣ ಚಿಗವ್ವನ ಹೆಬ್ಬೆರಳು. ಚಿಗವ್ವ ಅಂದರೆ ಕಾಕಾನ ಹೆಂಡತಿ, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆಯ ಸೀರೆಯೋ ಧೋತರವೋ ಏನೇ ಕೊಡಿ, ಚೌಕ ಚೌಕ ಕತ್ತರಿಸಿ, ಜೋಡಿಸಿ, ಹೊಲಿಗೆಯ ಸಾಲು ಹಾಕಿ ಕೊಟ್ಟಳೆಂದರೆ ಹೊದ್ದವರು ಬೆಳಿಗ್ಗೆ ಏಳುವ ಮಾತೇ ಇಲ್ಲ. ಅಂಥವಳ ಹೆಬ್ಬೆರಳಿನ ಬುಡಕ್ಕೆ ಸಂಧಿನೋವು ಬಂತು. ಸೂಜಿ ಹೇಗೋ ಹಿಡಿಯಬಹುದು, ಕತ್ತರಿ ಮಾತ್ರ ಸಾಧ್ಯವೇ ಇಲ್ಲ. ಕತ್ತರಿಯನ್ನು ಟ್ರಂಕಿಗೆ ಹಾಕಿ, "ಇನ್ನ ಸಾಕು, ಅಂಗಡ್ಯಾಗ ಬ್ಲಾಂಕೆಟ್ ಸಿಗ್ತಾವು" ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ಇಡೀ ದಿನ ಬಾಯಿ ಮುಚ್ಚದ ಹೆಂಗಸು ಮಾತು ಕೂಡ ಬಿಟ್ಟಳು. ನೋಡಿ ನನಗೆ ಹೆದರಿಕೆಯಾಯಿತು. ಕಾಕಾನಿಗೆ ಇನ್ನೂ ಹೆಚ್ಚು.

"ನೀ ಹೊಲಿ, ನಾ ಕತ್ತರಸ್ತೇನಿ" ಎಂದ.

ಎನ್ನುವುದೇನೋ ಸುಲಭ. ನೆಲದ ಮೇಲೆ ಅರಿವೆ ಹರಡಿ ಕತ್ತರಿಸೋಣವೆಂದರೆ ಡ್ರೈವರನ ಮೊಣಕಾಲು ಬಾಗಬೇಕಲ್ಲ! ಎತ್ತರದ ಮೇಜು ಬೇಕು, ಆದರೆ ಕೊಳ್ಳಲು ಮನಸ್ಸಿಲ್ಲ. ಮನೆಯೆಲ್ಲ ಸುತ್ತಿ ಕೊನೆಗೆ ಬಚ್ಚಲಿನ ಪ್ಲಾಸ್ಟಿಕ್ ಬಾಗಿಲನ್ನು ಕಳಚಿ ತಂದು ಎರಡು ನೀರಿನ ಡ್ರಮ್ಮಿನ ಮೇಲಿಟ್ಟ. ಅದೇ ಹೊತ್ತಿಗೆ ಹಂಸಭಾವಿಯ ಅಳಿಯ ಬಂದಿಳಿಯಬೇಕೆ? ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದವನು ಹಾಗೆಯೇ ಹಿಂದಿರುಗಿದ.

"ಮಾವಾರ, ಬಾಗಿಲಾ ಎಲ್ಲೈತ್ರಿ?"

"ಇಲ್ಲೇ ಐತಲ್ರಿ. ಎರಡು ಚೌಕ ಉಳದಾವು, ತಡೀರಿ."

ಅಂದು ಅಳಿಯ ಚಿಗವ್ವ ಅರ್ಧಕ್ಕೇ ಬಿಟ್ಟಿದ್ದ ಕೌದಿಯನ್ನೇ ಪರದೆ ಕಟ್ಟಿಕೊಂಡು ಸ್ನಾನ ಮಾಡಿದ. ಒಳಗೆ ಜನರಿದ್ದಾರೆ ಎಂದು ಗೊತ್ತಾಗಲಿ ಅಂತ ಸ್ನಾನ ಮುಗಿಯುವವರೆಗೂ ಗಟ್ಟಿಯಾಗಿ ಹಾಡುತ್ತಿದ್ದನಂತೆ. ಮಗಳ ಕಡೆಯಿಂದ ಫೋನು ಬಂದ ಮೇಲೆ ಬಾಗಿಲು ಬಚ್ಚಲಿಗೆ ಮರಳಿತು.

ಮುಂದಿನದು ಫ್ಲೆಕ್ಸಿನ ಸರದಿ. ಹಲಗೆಯ ಮಂಚಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಮೇಲೆ ಪಂಚಾಯಿತಿ ಚುನಾವಣೆಯ ದಪ್ಪ ಫ್ಲೆಕ್ಸೊಂದನ್ನು ಹಾಸಿದ. ಕತ್ತರಿಯ ಬದಲು ಚಪ್ಪಲಿ ಹೊಲಿಯುವವರ ಬಳಿ ಕೇಳಿ ತಂದ ಚೂಪು ರಾಪಿ. ಒಂದು ದಿನ ಆ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದ ಮನುಷ್ಯನೇ ಮತ ಕೇಳಲು ಒಳಗೆ ಬಂದ. ತನ್ನ ಮುಖದ ತುಂಬ ಗೀರುಗಳನ್ನು ಕಂಡು ಅವನ ಮುಗುಳುನಗೆ ಮಾಯವಾಯಿತು.

"ಇದೇನ್ರಿ, ನನ್ನ ಮಾರಿ ಮ್ಯಾಲ ರಾಪಿ ಆಡಸಾಕತ್ತೀರಿ?"

"ಸಿಟ್ಟಾಗಬ್ಯಾಡ್ರಿ. ನಿಮ್ಮ ಹಣಿ ಅಗಲ ಐತಿ, ಒಂದು ಚೌಕ ಬರೊಬ್ಬರಿ ಕುಂದರ್ತೈತಿ."

ಅಭ್ಯರ್ಥಿ ತನ್ನ ಹಣೆಯನ್ನು ಒಮ್ಮೆ ಮುಟ್ಟಿಕೊಂಡು, ಮತ ಕೇಳುವುದನ್ನೇ ಮರೆತು ಹೊರಟುಹೋದ.

ಇಷ್ಟೆಲ್ಲ ಮಾಡಿ ಕಾಕಾ ಕತ್ತರಿಸಿದ ಚೌಕ ಹೇಗಿರುತ್ತಿತ್ತು ಗೊತ್ತೇ? ತಗ್ಗು ತಪ್ಪಿಸಿ ಬಸ್ಸು ಓಡಿಸಿದ ಅಭ್ಯಾಸ ಅರಿವೆಯ ಮೇಲೂ ಬಿಡಲಿಲ್ಲ. ಒಂದಂಚು ಎಡಕ್ಕೆ, ಇನ್ನೊಂದು ಬಲಕ್ಕೆ. ಚಿಗವ್ವ ಅದನ್ನು ಬೆಳಕಿಗೆ ಹಿಡಿದು ಕೇಳುತ್ತಿದ್ದಳು, "ಇದು ಚೌಕ ಏನ್ರಿ? ಐದು ಮೂಲಿ ಅದಾವು."

"ಒಂದು ಹೆಚ್ಚಿಗಿ ಕೊಟ್ಟೇನಿ, ಇಟ್ಕೋ."

ಅಲ್ಲಿಂದ ಅವಳ ಬೈಗುಳ ಶುರು. ಬೈಯಲೆಂದೇ ಅವಳು ಗೋಡೆ ಬಿಟ್ಟು ಮುಂದೆ ಸರಿದು ಕೂತಳು. ಸೂಜಿಯೂ ಕೈಗೆ ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು.

ಆ ಸಂತೋಷಕ್ಕೆ ನಾನೇ ಫೋನಿನಲ್ಲಿ ಹುಡುಕಿ, ಕೈಗೆಟುಕುವ ಬೆಲೆಯದೊಂದು ಅರಿವೆ ಕತ್ತರಿಸುವಾಗ ಕೆಳಗಿಡುವ ಹಸಿರು ಹಾಸನ್ನೂ, ಹಿಡಿಕೆಗೆ ಗುಂಡನೆಯ ಅಲಗು ಕೂಡಿಸಿದ ಗಾಲಿ ಕತ್ತರಿಯನ್ನೂ ತರಿಸಿದೆ. ಹೆಬ್ಬೆರಳಿನ ಕೆಲಸವಿಲ್ಲ, ಅಂಗೈಯಿಂದ ಒತ್ತಿ ಉರುಳಿಸಿದರೆ ಸಾಕು; ಚಿಗವ್ವನಿಗೆ ಹೇಳಿ ಮಾಡಿಸಿದಂತಿತ್ತು. ಹಾಸಿನ ಮೇಲೆ ಬಿದ್ದ ಗೀರು ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದೂ ಹೇಳಿದೆ. ಕಾಕಾ ಒಂದು ಗೀರು ಹಾಕಿ, ಕನ್ನಡಕ ಏರಿಸಿ, ಒಲೆಯ ಮೇಲಿನ ಹಾಲು ಕಾಯುವವನಂತೆ ಅದರ ಮುಂದೆ ಕೂತ. ಚಹಾ ಆರಿ ತಣ್ಣಗಾಯಿತು, ಅವನು ಕದಲಲಿಲ್ಲ. ಆಮೇಲೆ ಕತ್ತರಿಯತ್ತ ತಿರುಗಿದ.

"ಇದಕ್ಕ ಗಾಲಿ ಐತಿ. ಗಾಲಿ ಇದ್ದದ್ದು ನನ್ನ ಕೆಲಸ" ಎಂದವನೇ ಅದನ್ನೂ ವಶಪಡಿಸಿಕೊಂಡ. ಚಿಗವ್ವ ಸೂಜಿಗೆ ದಾರ ಪೋಣಿಸತೊಡಗಿದಳು. ಅವಳಿಗೆಂದು ತಂದದ್ದು ಅವಳಿಗೆ ದಕ್ಕಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ಕೆಲವು ವಾರಗಳ ನಂತರ ಹೋದಾಗ ಕಾಕಾ ದಾರ ತರಲು ಶಿಗ್ಗಾಂವಿಗೆ ಹೋಗಿದ್ದ. ಒಳಗೆ ಕಾಲಿಟ್ಟರೆ ಚಿಗವ್ವ ಹಸಿರು ಹಾಸಿನ ಮುಂದೆ ಕೂತು ಸರಸರ ಗಾಲಿ ಉರುಳಿಸುತ್ತಿದ್ದಾಳೆ. ಪಕ್ಕದಲ್ಲಿ ಕಾಕಾನ ಐದು ಮೂಲೆಯ ತುಂಡುಗಳು. ಒಂದೊಂದನ್ನೇ ಇಟ್ಟು, ಅದರ ಸೊಟ್ಟಿಗೆ ತಕ್ಕ ಹಾಗೆ ಇನ್ನೊಂದು ತುಂಡನ್ನು ಸೊಟ್ಟಗೆ ಕತ್ತರಿಸಿ ಜೋಡಿಸುತ್ತಿದ್ದಾಳೆ.

"ಚಿಗವ್ವಾ, ನಿನಗ ಬರ್ತೈತಿ!"

"ಮೆಲ್ಲಕ ಮಾತಾಡವ್ವ. ಈ ಗಾಲಿ ಮನಿಗೆ ಬಂದ ದಿನಾನ ನನಗ ಬಂತು. ಅವರಿಗೆ ಹೇಳಬ್ಯಾಡ."

"ಮತ್ತ ಅವನ ತುಂಡು ನೆಟ್ಟಗ ಕೊಯ್ದು ಹಚ್ಚಬಾರದ?"

"ಕೊಯ್ದ್ರ ಅವರಿಗೆ ಗೊತ್ತಾಗ್ತೈತಿ." ಅವಳು ತಲೆ ಎತ್ತಲಿಲ್ಲ. "ಬಸ್ ಬಿಟ್ಟ ಮ್ಯಾಲ ಅವರ ಕೈ ಹೆಂಗ ಒದ್ದಾಡ್ತಿತ್ತು, ನೀ ಕಂಡಿಯಲ್ಲ? ಈಗ ಮುಂಜಾನೆ ಎದ್ದ ಕೂಡ್ಲೆ ಇವತ್ತ ಎಷ್ಟು ಚೌಕ ಬೇಕು ಅಂತ ಕೇಳ್ತಾರ. ಹಂಗ ಕೇಳ್ಲಿ ಬಿಡು."

ಹೊರಗೆ ಚಪ್ಪಲಿಯ ಸದ್ದಾಯಿತು. ಚಿಗವ್ವ ತಾನು ಕತ್ತರಿಸಿದ್ದನ್ನೆಲ್ಲ ಮಡಿಲಿಗೆ ತುಂಬಿಕೊಂಡು, ಅವನದೊಂದು ತುಂಡನ್ನು ಎತ್ತಿ ಹಿಡಿದು ದನಿ ಏರಿಸಿದಳು, "ಇದು ಚೌಕ ಏನ್ರಿ?" ಬಾಗಿಲಲ್ಲಿ ನಿಂತ ಕಾಕಾನ ಮುಖ ಅರಳಿತು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಮುಂದಿನ ಸಲ ಕಾಕಾ ಹಾನಗಲ್ಲಿಗೆ ಬಂದಾಗ ಊಟದ ಮೇಜಿನ ಮೇಲೆ ಒಂದು ಲೋಟವೂ ಇಲ್ಲದಂತೆ ತೆಗೆದು, ಒರೆಸಿ ಇಟ್ಟಿದ್ದೆ. ಅವನು ಅಂಗೈಯಿಂದ ಸವರಿದ, ಗೆಣ್ಣಿನಿಂದ ಬಡಿದು ನೋಡಿದ.

"ಇದರ ಮ್ಯಾಲ ಅರಿವಿ ಕತ್ತರಿಸಿದ್ರ ಹೆಂಗ?"

"ಕತ್ತರಸು ಕಾಕಾ" ಎಂದು ನನ್ನ ಹಳೆಯ ಸೀರೆಯೊಂದನ್ನು ಅವನ ಮುಂದೆ ಹರಡಿದೆ.