ಉಂಗುರಕ್ಕೊಂದು ಅಣು ಕಡಿಮೆ

ಝೂರಿಕ್‌ನ ಆ ಪ್ರಯೋಗಶಾಲೆಯಲ್ಲಿ ಹುಟ್ಟುಹಬ್ಬದವನೇ ಎಲ್ಲರಿಗೂ ಕೇಕ್ ತರಬೇಕು. ಗೌಡೆನ್ಜ್ ತಂದಿದ್ದ. ಎಡವಟ್ಟು ಶುರುವಾದದ್ದೇ ಅಲ್ಲಿ.

ಟನಲಿಂಗ್ ಮೈಕ್ರೋಸ್ಕೋಪಿನ ಸೂಜಿ ಅಣುಗಳ ಮೇಲೆ ಆಡುತ್ತ ಅವುಗಳ ಚಿತ್ರ ಮೂಡಿಸುತ್ತದೆ. ಅದೇ ಸೂಜಿಯಿಂದ ಅವನು ತಾಮ್ರದ ತುಣುಕಿನ ಮೇಲೆ ಅಣುಗಳನ್ನು ಒಂದೊಂದಾಗಿ ತಳ್ಳಿ ಉಂಗುರ ಕಟ್ಟುತ್ತಿದ್ದ. ಸಂಜೆ ಪ್ರೊಫೆಸರ್ ಹುಗೆನ್‌ಟೋಬ್ಲರ್ ನೋಡಲು ಬರುವವರಿದ್ದರು. ಉಂಗುರ ಪೂರ್ತಿಯಾಗಿದ್ದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಮನೆ ದಾರಿ. ಕೊನೆಯ ಅಣುವನ್ನು ಇನ್ನೇನು ಜಾಗಕ್ಕೆ ತರಬೇಕು, ಪಕ್ಕದ ಕೋಣೆಯ ರೆಗುಲಾ ನುಗ್ಗಿದಳು.

"ಒಂಬತ್ತು ಗಂಟೆ ಆಯ್ತು, ಬೆಳಗಿನ ಕಾಫಿ ಹೊತ್ತು ಮಾರಾಯ! ಕೇಕ್ ಕೊಯ್ಯೋರು ಯಾರು?" ಎಂದು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

ಸೂಜಿ ಬೆಚ್ಚಿತು. ಪರದೆಯ ಮೇಲಿದ್ದ ಕೊನೆಯ ಅಣು ಮಾಯ!

"ಅಯ್ಯೋ, ನನ್ನ ಅಣು!"

"ಒಂದು ತಾನೇ? ಬೇರೆ ತಗೋ."

"ಬೇರೆ ಎಲ್ಲಿದೆ ಕಣೇ? ಹೊಸದು ಹಾಕ್ಬೇಕಂದ್ರೆ ಇಡೀ ಯಂತ್ರ ಬಿಚ್ಬೇಕು. ವಾರ ಹಿಡಿಯುತ್ತೆ!"

ಸುದ್ದಿ ಹಬ್ಬಿತು. ಮೇಲಿನ ಮಹಡಿಯ ಕ್ಲೆಮೆನ್ಸ್ ಬಂದು, ಕಟ್ಟಡ ಅಲುಗಾಡುವುದೇ ಇದಕ್ಕೆಲ್ಲ ಕಾರಣ ಎಂದು ತೀರ್ಪು ಕೊಟ್ಟ. ಲಿಫ್ಟ್ ನಿಲ್ಲಿಸಿದ, ಎಲ್ಲರ ಬೂಟು ಕಳಚಿಸಿದ, ಕೊನೆಗೆ ಕಾಫಿ ಯಂತ್ರವನ್ನೂ ಆರಿಸಿದ. ಎಲ್ಲರ ಮುಖ ಬಾಡಿದ್ದು ಆಗಲೇ. ಗೌಡೆನ್ಜ್ ಊಟ ಬಿಟ್ಟು ತಾಮ್ರದ ಮೂಲೆಮೂಲೆ ಹುಡುಕಿದ. ಅಣುವಿನ ಸುಳಿವಿಲ್ಲ.

"ಚಿತ್ರ ಮಾತ್ರ ಏನು ಚೊಕ್ಕ ಬಂದಿದೆಯೋ!" ಎಂದ ಕ್ಲೆಮೆನ್ಸ್. "ನಿನ್ನೆವರೆಗೂ ಅಣುಗಳೆಲ್ಲ ನೆನೆದ ಅವಲಕ್ಕಿ ಥರ ಒಂದಕ್ಕೊಂದು ಅಂಟ್ಕೊಂಡಿದ್ವು. ಇವತ್ತು ಒಂದೊಂದನ್ನೂ ಎಣಿಸ್ಬಹುದು. ಪ್ರೊಫೆಸರ್‌ಗೆ ಆಗಲೇ ಕಳ್ಸಿಬಿಟ್ಟೆ. ಖುಷಿಯಾಗಿದ್ದಾರೆ!"

ಗೌಡೆನ್ಜ್ ಹಣೆ ಚಚ್ಚಿಕೊಂಡ. ಅಣು ಎಲ್ಲೂ ಹೋಗಿರಲಿಲ್ಲ, ಸೂಜಿಯ ತುದಿಗೇ ಅಂಟಿಕೊಂಡಿತ್ತು! ಅದರಿಂದಲೇ ತುದಿ ಮೊನಚಾಗಿ ಚಿತ್ರ ಅಷ್ಟು ಚೊಕ್ಕ ಬಂದಿತ್ತು. ಬರಿಗಾಲಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಅವನು ಅಣುವನ್ನು ಮೆಲ್ಲಗೆ ಅದರ ಜಾಗಕ್ಕೆ ಇಳಿಸಿದ. ಕೂತಿತು! ರೆಗುಲಾ ಅವನನ್ನು ತಬ್ಬಿಕೊಂಡಳು. ಬದುಕಿದೆ ಅನ್ನಿಸಿತು ಅವನಿಗೆ.

ಹೊಸ ಚಿತ್ರ ಮೂಡುವ ಹೊತ್ತಿಗೆ ಪ್ರೊಫೆಸರ್ ಬಂದೇಬಿಟ್ಟರು. ಪರದೆ ನೋಡಿದರು, ಕೈಯಲ್ಲಿದ್ದ ಫೋನು ನೋಡಿದರು.

"ಏನಪ್ಪಾ ಇದು, ಬರೀ ಮಂಜು? ಇದರಲ್ಲಿ ಎಣಿಸೋದು ಹೇಗೆ?"

"ಉಂಗುರ ಈಗ ಪೂರ್ತಿಯಾಗಿದೆ, ಹೆರ್ ಪ್ರೊಫೆಸರ್. ಆಣೆ ಮಾಡ್ತೀನಿ!"

"ಆಣೆ ನಂಬಿ ಯಾರು ಸಂಬಳ ಕೊಡ್ತಾರೆ? ಕ್ಲೆಮೆನ್ಸ್ ಕಳಿಸಿದ್ದ ಹಾಗೆ ಚೊಕ್ಕ ಮಾಡಿ ತೋರಿಸು."

"ಹಾಗೆ ಕಾಣ್ಬೇಕಂದ್ರೆ ಸೂಜಿ ತುದಿಗೆ ಒಂದು ಅಣು ಬೇಕು ಸ್ವಾಮಿ..."

ಪ್ರೊಫೆಸರ್ ಉಳಿದಿದ್ದ ಕೊನೆಯ ಕೇಕ್ ತುಂಡನ್ನು ಬಾಯಿಗಿಟ್ಟುಕೊಂಡರು.

"ಅಷ್ಟೇ ತಾನೇ? ಉಂಗುರದಲ್ಲಿ ಬೇಕಾದಷ್ಟಿವೆಯಲ್ಲ, ಒಂದು ತಗೋ!"