ಮಾವನ ಕಾರಿನ ಗೆರೆ

ಈ ಗೆರೆ ನಿನ್ನೆ ಇತ್ತೇ, ಇರಲಿಲ್ಲವೇ? ಇದ್ದಿದ್ದರೆ ತನ್ನ ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಎಂದು ಹೇಗೆ ಹೇಳುವುದು? ನಿನ್ನೆ ಬಾಗಿಲೇ ಕಾಣದಷ್ಟು ಕೆಸರಿತ್ತು. ಕೆಸರಿನ ಅಡಿಯಲ್ಲಿ ಏನಿತ್ತು ಎಂದು ಕೆಸರು ತೊಳೆಯುವ ಮುಂಚೆ ಯಾರಿಗೆ ಗೊತ್ತು? ಉಮೇಶ್ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹತ್ತು ನಿಮಿಷದಿಂದ ಇದನ್ನೇ ಯೋಚಿಸುತ್ತಿದ್ದ. ಎಂ.ಎ.ಯಲ್ಲಿ ತತ್ವಶಾಸ್ತ್ರ ಓದಿದ್ದು ಇಂಥ ಹೊತ್ತಿನಲ್ಲಿ ನೆರವಿಗೆ ಬರುವ ಬದಲು ಅಡ್ಡ ಬರುತ್ತಿತ್ತು.

ಗೆರೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಎಡಗಡೆಯ ಹಿಂದಿನ ಬಾಗಿಲಿನ ಮೇಲೆ ಮೊಳದುದ್ದ ಕಾಲು ಚಾಚಿ ಮಲಗಿತ್ತು. ಕಡುಗೆಂಪು ಬಣ್ಣದ ಮೇಲೆ ಹಳದಿ ಗೆರೆ, ಮದುವೆ ಮನೆಯಲ್ಲಿ ರೇಷ್ಮೆ ಸೀರೆಯ ಮೇಲೆ ಸಾರು ಚೆಲ್ಲಿದ ಹಾಗೆ.

ಕಾರು ಮಾವ ಮುಕುಂದಯ್ಯನವರದು. ಅವರ ಮನೆ ಕವಲೇದುರ್ಗದ ಬುಡದಲ್ಲಿ, ಉಮೇಶನ ಬಾಡಿಗೆ ಮನೆ ತೀರ್ಥಹಳ್ಳಿಯ ಒಂದು ವಠಾರದಲ್ಲಿ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಮಾವ ಅಳಿಯ ಎದುರುಬದುರು ಕೂತು ಆಡಿದ ಮಾತು ಎಂಟಾದರೂ ಇದ್ದವೋ ಇಲ್ಲವೋ. ಸ್ವಂತ ಮಗ ಪೂರ್ಣೇಶನಿಗೂ ಕೀ ಮುಟ್ಟಲು ಬಿಡದ ಮನುಷ್ಯ, ಹೆಂಡತಿಯ ಒತ್ತಾಯಕ್ಕೆ ಮಣಿದು, ಮಗಳು ಅಳಿಯ ವರದಹಳ್ಳಿಗೆ ಹೋಗಿ ಬರಲಿ ಎಂದು ಎರಡು ದಿನಕ್ಕೆ ಕಾರು ಕೊಟ್ಟಿದ್ದರು. ಶುಕ್ರವಾರ ನಾಲ್ಕು ಗಂಟೆಗೆ ಅದು ಅಂಗಳದಲ್ಲಿ ಇರಬೇಕು ಎಂದಷ್ಟೇ ಹೇಳಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ.

ಬೆಳಿಗ್ಗೆ ಹೆಂಡತಿ ಸೌಜನ್ಯಾ ತನ್ನ ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು: "ಅಣ್ಣಂಗೂ ಕೊಡದ ಕೀ ಅದು. ಅಪ್ಪ ನಿಮ್ಮನ್ನ ಮನೆ ಮನುಷ್ಯ ಅಂತ ಒಪ್ಕೊಳ್ಳೋದೋ ಬಿಡೋದೋ ಇವತ್ತೇ ನೋಡಿ."

ಕಾರು ಇವನ ಕೈಗೆ ಬಂದಾಗಲೇ ಮೂರು ವಾರದಿಂದ ನೀರು ಕಂಡ ಹಾಗಿರಲಿಲ್ಲ; ಮೇಲೆ ವರದಹಳ್ಳಿ ದಾರಿಯ ಕೆಸರು ಬೇರೆ. ಅಷ್ಟು ಕಟ್ಟುನಿಟ್ಟಿನ ಮಾವ ಕಾರು ತೊಳೆದಿಲ್ಲ ಎಂದರೆ ಸೊಂಟನೋವಿರಬೇಕು, ತಾನೇ ತೊಳೆದು ಒಪ್ಪಿಸಿದರೆ ಖುಷಿಪಡುತ್ತಾರೆ ಎಂದು ಉಮೇಶ್ ಕಾಲೇಜಿಗೆ ರಜೆ ಹಾಕಿ ಬಕೆಟ್ ಹಿಡಿದಿದ್ದ. ಈಗ ಫೋನ್ ಹಿಡಿದ. ಬಾಗಿಲ ಮೇಲೆ ಮೊದಲೇ ಗೆರೆ ಇತ್ತಾ ಎಂದು ಕೇಳಿದರೆ, ಗೆರೆ ಆಗಿದೆ ಎಂದು ತಾನೇ ಒಪ್ಪಿಕೊಂಡಂತೆ. ಕೇಳದಿದ್ದರೆ ಮುಚ್ಚಿಟ್ಟಂತೆ. ಮೂರು ಸಲ ಮಾವನ ಹೆಸರು ಹುಡುಕಿ, ಮೂರು ಸಲವೂ ಫೋನನ್ನು ಜೇಬಿಗೆ ಹಾಕಿಕೊಂಡ.

"ಎಂಥದಾ ಮಾರಾಯ, ಬಾಗ್ಲಿಗೆ ಮುಖ ಕೊಟ್ಕಂಡು ಕೂತಿದ್ಯಲ್ಲ?"

ಎದುರು ಮನೆಯ ಹೂವಮ್ಮ. ವಠಾರದಲ್ಲಿ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವರಿಗೆ. ಗೆರೆ ನೋಡಿದವರೇ ಒಳಗೆ ಹೋಗಿ ಟೂತ್‌ಪೇಸ್ಟು, ಹಳೇ ಬ್ರಷ್ಷು ತಂದರು. ತಮ್ಮ ತಂಗಿಯ ಮಗ ಸ್ಕೂಟರಿಗೆ ಹೀಗೇ ಮಾಡಿದ್ದು ಎಂದು ಹೇಳಿ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಮಗುವಿಗೆ ಹಲ್ಲುಜ್ಜುವಂತೆ ಉಜ್ಜಿದರು. ನೊರೆ ತೊಳೆದಾಗ ಗೆರೆಯ ಮೇಲಿದ್ದ ಚೂರುಪಾರು ಕೊಳೆಯೂ ಹೋಗಿ, ಅದು ಮೊದಲಿಗಿಂತ ಲಕ್ಷಣವಾಗಿ ಕಂಡಿತು. ಲವಂಗದ ಪರಿಮಳ ಬೇರೆ.

ಅಷ್ಟರಲ್ಲಿ ಮೆಡಿಕಲ್ ಶಾಪಿನ ಹರ್ಷವರ್ಧನ ಅಂಗಡಿ ತೆರೆಯಲು ಹೊರಟವನು ನಿಂತ. ಅವನು ಮೊಬೈಲಿನಲ್ಲಿ ಕಾರು ತೊಳೆಯುವ ವಿಡಿಯೊ ನೋಡಿಯೇ ರಾತ್ರಿ ನಿದ್ದೆ ಮಾಡುವವನು; ಕಾರು ಇನ್ನೂ ಕೊಂಡಿರಲಿಲ್ಲ. ಟೂತ್‌ಪೇಸ್ಟಿನ ಕಥೆ ಕೇಳಿ ಹೂವಮ್ಮನ ಕಡೆ ಕನಿಕರದಿಂದ ನೋಡಿ, ಅಂಗಡಿಯಿಂದ ಸ್ಪಿರಿಟ್ಟು, ಹತ್ತಿ ತಂದ. ಗಾಯಕ್ಕೆ ಹಚ್ಚುವಷ್ಟೇ ನಾಜೂಕಾಗಿ ಹಚ್ಚಿದ. ಗೆರೆಗೆ ಉರಿಯಲೂ ಇಲ್ಲ. ಮರ್ಯಾದೆಯ ಪ್ರಶ್ನೆಯಾಗಿ, ಹೂವಮ್ಮನ ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಕಿತ್ತುಕೊಂಡು ಅದರ ಒರಟು ಕಡೆಯಿಂದ ಎರಡು ನಿಮಿಷ ತಿಕ್ಕಿದ. ಗೆರೆ ಇದ್ದಲ್ಲೇ ಇತ್ತು. ಅದರ ಸುತ್ತ ರೊಟ್ಟಿಯಗಲ ಹೊಳಪು ಹೋಗಿ ಮಬ್ಬಾಯಿತು. ಹರ್ಷವರ್ಧನ ಅದನ್ನು ಸ್ವಲ್ಪ ಹೊತ್ತು ನೋಡಿ, ಗಿರಾಕಿ ಕಾಯುತ್ತಿದ್ದಾರೆ ಎಂದು ಹೊರಟುಹೋದ.

ಈಗ ವಠಾರಕ್ಕೆ ವಠಾರವೇ ಸೇರಿತ್ತು. ದನ ಗುದ್ದಿತು ಎಂದು ಹೇಳುವುದು ಒಳ್ಳೆಯದೆಂದು ಒಬ್ಬರ ಸಲಹೆ. ಮಾವನ ಅಂಗಳದಲ್ಲಿ ಎಡಗಡೆ ಗೋಡೆಗೆ ಬರುವ ಹಾಗೆ ನಿಲ್ಲಿಸಿದರೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ ಎಂದು ಇನ್ನೊಬ್ಬರದು. ಉಮೇಶ್ ಒದ್ದೆ ಟವೆಲನ್ನು ಬಾಗಿಲಿಗೆ ಹೊದಿಸಿ ಅದಕ್ಕೇ ಒರಗಿ ನಿಂತ. ಹೂವಮ್ಮ ಮಾತ್ರ ಸೋಲು ಒಪ್ಪಲಿಲ್ಲ. ತಮ್ಮ ತವರಿನ ಕಡೆಯ ಜಟ್ಟಿಂಗಪ್ಪ ಎಂಬವನಿಗೆ ಫೋನ್ ಮಾಡಿ, ಕಾರಿನ ಬಣ್ಣ, ನಂಬರು, ಗೆರೆಯ ಉದ್ದ ಎಲ್ಲ ಒಪ್ಪಿಸಿದರು. ಗಾಡಿ ವಿಷಯದಲ್ಲಿ ಅವನು ಪಳಗಿದವನಂತೆ.

ಜಟ್ಟಿಂಗಪ್ಪ ಇಪ್ಪತ್ತು ಕಿಲೋಮೀಟರನ್ನು ಅರ್ಧ ಗಂಟೆಯೊಳಗೆ ಬೈಕಿನಲ್ಲಿ ದಾಟಿ ಬಂದ. ನಂಬರ್ ಪ್ಲೇಟ್ ನೋಡಿದ. ಬಳಿಕ ಯಾರನ್ನೂ ಏನೂ ಕೇಳದೆ ನೇರ ಬಂದು, ಉಮೇಶನನ್ನು ಪಕ್ಕಕ್ಕೆ ಸರಿಸಿ, ಟವೆಲ್ ಎತ್ತಿದ. ಅನುಭವ ಎಂದರೆ ಇದು ಎಂದುಕೊಂಡ ಉಮೇಶ್.

"ನಿಮ್ಮ ಮಾವಂದಾ?"

"ಹೌದು."

"ಎಷ್ಟೊತ್ತಿಗೆ ಒಪ್ಪಿಸ್ಬೇಕು?"

"ನಾಲ್ಕು ಗಂಟೆಗೆ."

ಜಟ್ಟಿಂಗಪ್ಪ ಉಗುರಿನಿಂದ ಗೆರೆಯನ್ನು ಕೆರೆದು ನೋಡಿದ. "ಒಳಗೆ ಇಳಿದಿಲ್ಲ. ಮೇಲ್ಮೇಲೆ ಹತ್ತಿದ ಬಣ್ಣ. ಇಲ್ಲೊಂದು ಗೆರೆ ಇತ್ತು ಅಂತ ದೇವ್ರಿಗೂ ಗೊತ್ತಾಗ್ಬಾರ್ದು, ಹಂಗೆ ಮಾಡ್ಕೊಡ್ತೀನಿ. ಹತ್ತಿ ಕಾರು, ನನ್ನ ಬೈಕಿನ ಹಿಂದೇ ಬನ್ನಿ."

ಊರಾಚೆಯ ವಾಟರ್ ಸರ್ವಿಸ್ ಅವನ ಗೆಳೆಯನದು. ಅಲ್ಲಿ ಶಾಂಪೂ ನೊರೆ ಎರಚಿ, ತೊಳೆದು, ಒರೆಸಿದ ಮೇಲೆ ಜಟ್ಟಿಂಗಪ್ಪ ಕೆಲಸದವನ ಕೈಯಿಂದ ಪಾಲಿಶ್ ಮೆಷಿನ್ ಇಸಿದುಕೊಂಡ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಾನೇ ನಿಂತು ಉಜ್ಜಿದ. ಹಳದಿ ತೆಳುವಾಯಿತು, ದಾರದೆಳೆಯಾಯಿತು, ಮಾಯವಾಯಿತು. ಹರ್ಷವರ್ಧನನ ರೊಟ್ಟಿಯೂ ಹೋಯಿತು. ಅಷ್ಟಕ್ಕೂ ಬಿಡಲಿಲ್ಲ. ಒಂದೇ ಬಾಗಿಲು ಹೊಳೆದರೆ ಅನುಮಾನ ಬರುತ್ತದೆ ಎಂದು ಇಡೀ ಕಾರಿಗೆ ಪಾಲಿಶ್ ಎಳೆದ, ಮೇಲೆ ವ್ಯಾಕ್ಸ್ ಹಚ್ಚಿದ. ಮಧ್ಯಾಹ್ನದ ಊಟವನ್ನೂ ಬಿಟ್ಟು ಬೆವರು ಸುರಿಸಿದ. ಉಮೇಶ್ ಪರ್ಸಿಗೆ ಕೈ ಹಾಕಿದರೆ ಬೈಯುವವನ ಹಾಗೆ ನೋಡಿದ.

ಉಮೇಶ್ ಪರ್ಸನ್ನು ಮತ್ತೆ ಜೇಬಿಗಿಟ್ಟ. ಮುಖ ಪರಿಚಯವಿಲ್ಲದ ಒಬ್ಬನ ಮಾನಕ್ಕಾಗಿ ಇನ್ನೊಬ್ಬ ಇಷ್ಟು ದುಡಿಯುತ್ತಾನೆ ಎಂದರೆ, ಮನುಷ್ಯರ ಬಗ್ಗೆ ತಾನು ಇಷ್ಟು ದಿನ ಯೋಚಿಸಿದ್ದೆಲ್ಲ ತಪ್ಪಿರಬೇಕು. ಧನ್ಯವಾದ ಹೇಳಲು ಒಳ್ಳೆಯ ಮಾತೊಂದನ್ನು ಅವನು ಹುಡುಕುತ್ತಿದ್ದಾಗಲೇ ಜಟ್ಟಿಂಗಪ್ಪ ಗಡಿಯಾರ ನೋಡಿ, ಷರ್ಟಿಗೆ ಇಸ್ತ್ರಿ ಹಾಕಿಸಬೇಕು ಎಂದು ಬೈಕ್ ಏರಿ ಹೋದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕಾರು ಮಾವನ ಅಂಗಳಕ್ಕೆ ತಿರುಗಿತು. ಅಲ್ಲಿ ಊರಿನ ಐದು ಜನ ಹಿರಿಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಮುಕುಂದಯ್ಯ ಬಿಳಿ ಪಂಚೆಯಲ್ಲಿ ನಿಂತಿದ್ದರು. ಎದುರಿಗೆ, ಇಸ್ತ್ರಿ ಮಾಡಿದ ಷರ್ಟಿನಲ್ಲಿ, ಕೈ ಕಟ್ಟಿಕೊಂಡು ಜಟ್ಟಿಂಗಪ್ಪ ಕೂತಿದ್ದ. ಅವನು ಉಮೇಶನನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವಂತೆ ನೋಡಿದ.

ಮುಕುಂದಯ್ಯನವರ ಗಮನವೆಲ್ಲ ಹಿರಿಯರ ಕಡೆ. ಕಾರಿಗೆ ಬೆನ್ನು ಮಾಡಿಯೇ ಮಾತು ಶುರುಮಾಡಿದರು. ಮೂರು ವಾರದ ಹಿಂದೆ ಅಕ್ಕಿ ಗಿರಣಿಯ ಮುಂದೆ ಈ ಜಟ್ಟಿಂಗಪ್ಪ ತನ್ನ ಹಳದಿ ಲಗೇಜ್ ಆಟೋವನ್ನು ರಿವರ್ಸ್ ತಂದು ಕಾರಿಗೆ ಉಜ್ಜಿದ. ಕೇಳಿದರೆ ಮುಟ್ಟಿಯೇ ಇಲ್ಲ ಎಂದ. ನಾಲ್ಕು ಜನ ನೋಡಲಿ ಎಂದೇ ತಾನು ಅಂದಿನಿಂದ ಕಾರಿಗೆ ನೀರು ಮುಟ್ಟಿಸಿಲ್ಲ.

"ನಂಗೆ ದುಡ್ಡು ಬ್ಯಾಡ," ಎಂದರು. "ತಪ್ಪಾಯ್ತು ಅಂತ ಒಂದು ಮಾತು ಹೇಳ್ಲಿ, ಸಾಕು. ಬನ್ನಿ, ನೀವೇ ನೋಡಿ."

ಹಿರಿಯರು ಎದ್ದು ಬಂದು ನೋಡಿದರು. ಎಡಗಡೆಯ ಹಿಂದಿನ ಬಾಗಿಲು ಕೆರೆಯ ನೀರಿನಂತೆ ಹೊಳೆಯುತ್ತಿತ್ತು. ಒಬ್ಬರು ಅದರಲ್ಲಿ ಮೀಸೆ ಸರಿಮಾಡಿಕೊಂಡರು.

ಮುಕುಂದಯ್ಯ ತಿರುಗಿ ನೋಡಿದರು. ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬೆರಳಾಡಿಸಿದರು. ಬಲಗಡೆಗೂ ಹೋಗಿ ನೋಡಿ ಬಂದರು. ಫೋಟೋ ತೆಗೆದಿದ್ದೀರಾ ಎಂದು ಹಿರಿಯರು ಕೇಳಿದ್ದಕ್ಕೆ, ಕಾರೇ ಇರುವಾಗ ಫೋಟೋ ಯಾಕೆ ಎಂದುಕೊಂಡಿದ್ದೆ ಎಂದರು.

"ಅಳಿಯಂದ್ರು ತೊಳ್ದಿರ್ಬೇಕು," ಎಂದ ಜಟ್ಟಿಂಗಪ್ಪ, ಬಹಳ ಗಂಭೀರವಾಗಿ. "ತೊಳೆದ್ರೆ ಹೋಗುತ್ತೆ ಅಂದ್ರೆ ಅದು ಗೆರೆ ಅಲ್ಲ ಗೌಡ್ರೇ, ಕೆಸರು."

ಮಾವ ಉಮೇಶನ ಕಡೆ ನೋಡಿದರು. ಎಂಟು ತಿಂಗಳಲ್ಲಿ ಅವರು ಹೀಗೆ ನೇರ ಕಣ್ಣಿಟ್ಟು ನೋಡಿದ್ದು ಇದೇ ಮೊದಲು.

"ನೀವು ಹೇಳಿ. ತೊಳೆಯುವಾಗ ಇಲ್ಲಿ ಏನಾದ್ರೂ ಇತ್ತಾ?"

ಇತ್ತು ಎಂದರೆ, ಅಳಿಸಿದ್ದು ಯಾಕೆ ಎಂದು ಕೇಳುತ್ತಾರೆ. ನಾನೇ ಮಾಡಿದ್ದೆಂದು ಹೆದರಿ, ನಿಮಗೆ ಗೊತ್ತಾಗದ ಹಾಗೆ ಮುಚ್ಚಲು ಎನ್ನಬೇಕು. ಅಳಿಸಿದ್ದು ಯಾರು ಎಂದು ಹೇಳಿದರೆ, ಇಡೀ ದಿನ ಅವನ ಕೈಗೆ ಮಾವನ ಕಾರು ಒಪ್ಪಿಸಿ ಪಕ್ಕದಲ್ಲಿ ಟವೆಲ್ ಹಿಡಿದು ನಿಂತವನು ನಾನೇ ಎನ್ನಬೇಕು. ಉಮೇಶ್ ಬಾಯಿ ತೆರೆದ. ಸರಿಯಾದ ವಾಕ್ಯ ಎಲ್ಲಿಂದ ಶುರುವಾಗುತ್ತದೆ ಎಂದು ಯೋಚಿಸಿದ. ಯೋಚನೆ ಮುಗಿಯುವುದರೊಳಗೆ, ಹುಡುಗ ದಾಕ್ಷಿಣ್ಯಕ್ಕೆ ಸುಮ್ಮನಿದ್ದಾನೆ, ಏನೂ ಇರಲಿಲ್ಲ ಎಂದೇ ಅರ್ಥ ಎಂದು ಹಿರಿಯರು ತೀರ್ಮಾನ ಮಾಡಿಬಿಟ್ಟರು.

ತಪ್ಪಾಯ್ತು ಎಂಬ ಮಾತನ್ನು ಮುಕುಂದಯ್ಯನವರೇ ಹೇಳಬೇಕಾಯಿತು. ಜಟ್ಟಿಂಗಪ್ಪ ದೊಡ್ಡ ಮನಸ್ಸು ಮಾಡಿ ಕಾಫಿ ಕುಡಿದು, ಒಳ್ಳೇ ಅಳಿಯ ಸಿಕ್ಕಿದ್ದಾರೆ ಎಂದು ಅವರ ಕೈ ಕುಲುಕಿ ಹೋದ.

ಮುಂದಿನ ವಾರ ಮುಕುಂದಯ್ಯ ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸಿದರು. ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರು. ಇಲ್ಲದ ಗೆರೆಯನ್ನು ಮೂರು ವಾರ ನೋಡಿದ ಕಣ್ಣು ಚೆನ್ನಾಗಿದೆ ಎನ್ನುವ ಡಾಕ್ಟರನ್ನು ನಂಬಲು ಅವರು ತಯಾರಿರಲಿಲ್ಲ. ಮನೆಗೆ ಬಂದವರೇ ಎಲ್ಲರ ಎದುರು ಕೀಯನ್ನು ಉಮೇಶನ ಅಂಗೈಯಲ್ಲಿಟ್ಟು, ಇನ್ನು ತಾನು ಸ್ಟೇರಿಂಗ್ ಮುಟ್ಟುವುದಿಲ್ಲ, ನೀವೇ ಎಂದರು. ಸೌಜನ್ಯಾಗೆ ಹೆಮ್ಮೆಯಿಂದ ಕಣ್ಣೀರೇ ಬಂತು.

ಅಂದಿನಿಂದ ಪ್ರತಿ ಭಾನುವಾರ ಉಮೇಶ್ ಬೆಳಗಿನ ಮೊದಲ ಬಸ್ಸಿಗೆ ಕವಲೇದುರ್ಗದ ಕಡೆ ಹೊರಡುತ್ತಾನೆ. ಕಾರು ತೊಳೆದು, ಒರೆಸಿ, ಮಾವನನ್ನು ಹೊಸನಗರದ ಮದುವೆಗೋ ಸಾಗರದ ಗೃಹಪ್ರವೇಶಕ್ಕೋ ಕರೆದೊಯ್ದು, ಕತ್ತಲಾಗುವ ಹೊತ್ತಿಗೆ ಅವರನ್ನು ಮನೆ ಮುಟ್ಟಿಸಿ, ಬಸ್ಸಿಗೆ ವಾಪಸಾಗುತ್ತಾನೆ. ಪಕ್ಕದ ಸೀಟಿನಲ್ಲಿ ಕೂತ ಮುಕುಂದಯ್ಯ ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ, ಸರಿಯಾ ಎಂದು ಕೇಳುತ್ತಾರೆ. ಸರಿ ಮಾವ ಎನ್ನುತ್ತಾನೆ ಉಮೇಶ್. ಆ ಬಾಗಿಲಿನ ಮೇಲೆ ಗೆರೆ ಇತ್ತು ಎಂದು ಮಾತ್ರ ಅವನು ಯಾವತ್ತೂ ಹೇಳಿಲ್ಲ.